ಮೈಕೈ ನೋವು, ಚಿಗಾಂಗ್ ಮತ್ತು ನಮ್ಮದೇ ಅಂಗೈ

ಮಂಗಳೂರು, ಉಡುಪಿಯ ಸುತ್ತಲಿನ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಸ್ವಲ್ಪ ಹೊತ್ತು ಗಮನಿಸಿದರೆ, ಅವರ ಇಡೀ ದೇಹದಲ್ಲಿ ಬೆರಳುಗಳು ಮಾತ್ರ ಓಡುತ್ತಿರುವುದು ಕಾಣುತ್ತದೆ. ಮಡಿಲಲ್ಲಿ ಮೊರದಂಥ ತಡ್ಪೆ, ಅದರ ಮೇಲೆ ನೀರಿನಲ್ಲಿ ನೆನೆಸಿ ಅಳತೆಗೆ ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಎಲೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಪಕ್ಕಕ್ಕಿಡುವ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಈ ನಡುವೆ ಕುತ್ತಿಗೆ ಬಗ್ಗಿದಲ್ಲೇ ಬಗ್ಗಿರುತ್ತದೆ, ಮುಂದಕ್ಕೆ ಬಂದ ಹೆಗಲು ಹಿಂದಕ್ಕೆ ಹೋಗುವುದಿಲ್ಲ, ಮಡಚಿದ ಕಾಲು ಬಿಡಿಸುವುದು ಊಟಕ್ಕೆ ಏಳುವಾಗಲೇ. ಸಂಜೆಯ ಹೊತ್ತಿಗೆ, ದುಡಿದ ಬೆರಳಿಗಿಂತ ಹೆಚ್ಚಾಗಿ ನೋಯುವುದು ಸುಮ್ಮನಿದ್ದಂತೆ ಕಂಡ ಕುತ್ತಿಗೆ ಮತ್ತು ಹೆಗಲು. ಮಣಿಪಾಲದ ಕಚೇರಿಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತವರ ದೂರೂ ಇದೇ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರದ್ದೂ ಇದೇ.

ಸುಮ್ಮನಿದ್ದಂತೆ ಕಾಣುವುದು ಹೊರಗಿನ ಕಣ್ಣಿಗೆ ಮಾತ್ರ. ಸುಮಾರು 5 ಕಿಲೋ ತೂಗುವ ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಹೊರೆ ಕತ್ತಿನ ಹಿಂಭಾಗದಿಂದ ಭುಜದವರೆಗೆ ಹರಡಿಕೊಂಡಿರುವ ಟ್ರಪೀಜಿಯಸ್ ಮತ್ತು ಅದರ ಅಡಿಯ ಸ್ನಾಯುಗಳ ಮೇಲೆ ಹೆಚ್ಚುತ್ತ ಹೋಗುತ್ತದೆ. ಒಂದು ಸ್ನಾಯುವಿನ ನಾರುಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಚಿಕ್ಕ ನರಕೋಶಗಳ ಅಧೀನದಲ್ಲಿರುವ ನಾರುಗಳು ಮೊದಲು, ಹೆಚ್ಚು ಬಲ ಬೇಕಾದಾಗ ಮಾತ್ರ ದೊಡ್ಡ ನರಕೋಶಗಳ ನಾರುಗಳು ಎಂಬ ಕ್ರಮವನ್ನು ಅಮೆರಿಕದ ಶರೀರವಿಜ್ಞಾನಿ ಎಲ್ವುಡ್ ಹೆನ್ನೆಮನ್ ಕಳೆದ ಶತಮಾನದ ಮಧ್ಯಭಾಗದಲ್ಲಿ ತೋರಿಸಿಕೊಟ್ಟಿದ್ದರು. ಹಗುರವಾದ ಕೆಲಸದಲ್ಲಿ ದಿನವಿಡೀ ಬಿಗಿಯಾಗಿ ಉಳಿಯುವುದು ಈ ಮೊದಲ ಸಾಲಿನ ಚಿಕ್ಕ ನಾರುಗಳೇ. ಎಲ್ಲರಿಗಿಂತ ಮುಂಚೆ ಎದ್ದು ಎಲ್ಲರಿಗಿಂತ ತಡವಾಗಿ ಮಲಗುವ ಇವುಗಳಿಗೆ 1991ರಲ್ಲಿ ಸ್ವೀಡನ್ನಿನ ಸಂಶೋಧಕ ಹೆಗ್ ‘ಸಿಂಡ್ರೆಲಾ ನಾರುಗಳು’ ಎಂಬ ಹೆಸರಿಟ್ಟರು. ಇದು ಇಂದಿಗೂ ಒಂದು ಊಹೆಯೆಂದೇ ಪರಿಗಣಿತವಾಗಿದ್ದರೂ ಭಾರ ಎತ್ತದವರಿಗೂ ಹೆಗಲು ನೋಯುವುದೇಕೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಪ್ಪುವ ಉತ್ತರ ಕಡಿಮೆ. ಹೀಗೆ ನೋಡಿದರೆ ಆ ಹೆಗಲಿಗೆ ಬೇಕಾಗಿರುವುದು ರಾತ್ರಿಯ ದೀರ್ಘ ವಿಶ್ರಾಂತಿಗಿಂತ ಹಗಲಿನಲ್ಲಿ ಆಗಾಗ ಸಿಗುವ ಚಿಕ್ಕ ಬಿಡುವು, ಅಂದರೆ ನಾರುಗಳ ಸರದಿ ಬದಲಾಗುವಂಥ ಚಲನೆ.

ಕೀಲುಗಳ ಕಥೆ ಬೇರೆ ದಾರಿಯಲ್ಲಿ ಹೋಗಿ ಇದೇ ಜಾಗಕ್ಕೆ ಬಂದು ಮುಟ್ಟುತ್ತದೆ. ಮೂಳೆಗಳ ತುದಿಯನ್ನು ಹೊದಿಸಿರುವ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲಿನ ಒಳಪೊರೆ ಸ್ರವಿಸುವ ಅಂಟಾದ ದ್ರವವೇ ಅದಕ್ಕೆ ಆಹಾರ ಒದಗಿಸಬೇಕು. ಮೊಣಕಾಲಿನಂಥ ದೊಡ್ಡ ಕೀಲಿನಲ್ಲಿಯೂ ಈ ದ್ರವ ಇರುವುದು ಕೆಲವೇ ಮಿಲಿಲೀಟರ್. ಹೊರೆ ಬಿದ್ದಾಗ ಮೃದ್ವಸ್ಥಿಯಿಂದ ದ್ರವ ಹೊರಬರುತ್ತದೆ, ಹೊರೆ ಇಳಿದಾಗ ಒಳಸೇರುತ್ತದೆ. ದ್ರವದಲ್ಲಿರುವ ಹಯಲುರಾನಿಕ್ ಆಮ್ಲದ ಗುಣದಿಂದಾಗಿ ಕೀಲು ಚಲಿಸಿದಾಗ ಅದು ತೆಳುವಾಗಿ ಜಾರುತ್ತದೆ, ನಿಂತಾಗ ಗಟ್ಟಿಯಾಗುತ್ತದೆ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಏಳುವಾಗ ಮೊಣಕಾಲು ಹಿಡಿದಂತಾಗಿ ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವುದರಲ್ಲಿ ಇದರ ಪಾಲೂ ಇದೆ.

ಚೀನಾದ ಚಿಗಾಂಗ್, ಅಂದರೆ ಉಸಿರಿನ ಜೊತೆ ನಿಧಾನವಾಗಿ ಮೈ ಚಲಿಸುವ ವ್ಯಾಯಾಮ, ಇಂಥ ನೋವಿಗೂ ಬಳಕೆಯಾಗುತ್ತಿದ್ದ ಹಳೆಯ ಅಭ್ಯಾಸಗಳ ಹೊಸ ರೂಪ. ಹುನಾನ್ ಪ್ರಾಂತದ ಚಾಂಗ್‌ಷಾ ನಗರದ ಬಳಿಯ ಮಾವಾಂಗ್‌ದುಯಿ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಸಮಾಧಿಯೊಂದರಲ್ಲಿ 1973ರ ಉತ್ಖನನದ ವೇಳೆ ಒಂದು ರೇಷ್ಮೆ ಬಟ್ಟೆ ಸಿಕ್ಕಿತು. ಅದರಲ್ಲಿ ಕೈ ಚಾಚಿದ, ಬಾಗಿದ, ತಿರುಗಿದ 44 ಮನುಷ್ಯರ ಚಿತ್ರಗಳಿವೆ. ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ, ಒಂದು ಚಿತ್ರದ ಪಕ್ಕದ ಬರಹ ಮೊಣಕಾಲು ನೋವಿನ ಉಪಶಮನಕ್ಕೆಂದು ಹೇಳುತ್ತದೆ. ಇಂದು ಚಿಗಾಂಗ್ ಎಂಬ ಹೆಸರಿನಡಿ ಕಲಿಸುವ ಪದ್ಧತಿ 1950ರ ದಶಕದಲ್ಲಿ ಚೀನಾದ ಆರೋಗ್ಯಧಾಮಗಳಲ್ಲಿ ರೂಪುಗೊಂಡಿತು. ‘ಬಾದುವಾನ್‌ಜಿನ್’ ಎಂಬ ಎಂಟು ಚಲನೆಗಳ ಸರಣಿಯೂ ಸೇರಿ ನಾಲ್ಕು ಹಳೆಯ ಸರಣಿಗಳನ್ನು 2003ರಲ್ಲಿ ಅಲ್ಲಿನ ಕ್ರೀಡಾ ಆಡಳಿತ ಒಂದೇ ಮಾದರಿಗೆ ತಂದು ಪ್ರಚಾರಕ್ಕೆ ಬಿಟ್ಟಿತು. ದೇಹದ ನಾಳಗಳಲ್ಲಿ ‘ಚಿ’ ಎಂಬ ಶಕ್ತಿ ಹರಿಯುತ್ತದೆ, ಅದಕ್ಕೆ ತಡೆ ಬಂದಲ್ಲಿ ನೋವು ಹುಟ್ಟುತ್ತದೆ ಎಂಬುದು ಅದರ ಸಾಂಪ್ರದಾಯಿಕ ವಿವರಣೆ. ಅಂಥ ನಾಳಗಳನ್ನಾಗಲಿ ಶಕ್ತಿಯನ್ನಾಗಲಿ ಶರೀರವಿಜ್ಞಾನ ಕಂಡಿಲ್ಲ. ಆದರೆ ವಿವರಣೆಯನ್ನು ಬದಿಗಿಟ್ಟರೂ ಚಲನೆಗಳು ಉಳಿಯುತ್ತವೆ, ನಮಗೆ ಬೇಕಾಗಿರುವುದೂ ಅವೇ.

ಬಾದುವಾನ್‌ಜಿನ್‌ನ ಮೊದಲ ಚಲನೆಯನ್ನೇ ತೆಗೆದುಕೊಳ್ಳೋಣ. ಎರಡೂ ಕೈಗಳಿಂದ ಆಕಾಶವನ್ನು ಎತ್ತುವುದು ಎಂದು ಅದನ್ನು ವರ್ಣಿಸುತ್ತಾರೆ. ಪಾದಗಳನ್ನು ಭುಜದಷ್ಟು ಅಗಲಕ್ಕೆ ಇರಿಸಿ, ಮೊಣಕಾಲನ್ನು ಸೆಟೆಸದೆ ನಿಂತು, ಹೊಟ್ಟೆಯ ಮುಂದೆ ಎರಡೂ ಕೈಬೆರಳುಗಳನ್ನು ಹೆಣೆದು, ಉಸಿರು ಒಳಕ್ಕೆಳೆಯುತ್ತ ಕೈಗಳನ್ನು ಎದೆಯವರೆಗೆ ತಂದು, ಅಲ್ಲಿ ಅಂಗೈಗಳನ್ನು ಹೊರಮಗ್ಗುಲಿಗೆ ತಿರುಗಿಸಿ ತಲೆಯ ಮೇಲಕ್ಕೆ ಒತ್ತಬೇಕು. ಒಂದು ಕ್ಷಣ ನಿಂತು, ಉಸಿರು ಬಿಡುತ್ತ ಕೈಗಳನ್ನು ಎರಡೂ ಬದಿಗಳಿಂದ ಇಳಿಸಬೇಕು. ಇಷ್ಟರಲ್ಲಿ ಬೆಳಗಿನಿಂದ ಮುಂದಕ್ಕೆ ಬಾಗಿದ್ದ ಬೆನ್ನಿನ ಮೇಲ್ಭಾಗ ನೆಟ್ಟಗಾಗುತ್ತದೆ, ಹೆಗಲ ಹಲಗೆ ಮೇಲಕ್ಕೂ ಹೊರಕ್ಕೂ ತಿರುಗುತ್ತದೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಹಿಗ್ಗುತ್ತವೆ, ಮತ್ತು ಕೈ ಇಳಿಯುವಾಗ ಟ್ರಪೀಜಿಯಸ್‌ಗೆ ಬಿಡುವು ಸಿಗುತ್ತದೆ. ಕೈ ಪೂರ್ತಿ ಮೇಲೆ ಹೋಗದವರು ಹಣೆಯ ಮಟ್ಟದಲ್ಲೇ ನಿಲ್ಲಿಸಿದರೆ ಏನೂ ಕೊರತೆಯಾಗುವುದಿಲ್ಲ. ಬಿಲ್ಲನ್ನು ಎಳೆಯುವಂಥ ಎರಡನೆಯ ಚಲನೆ ಎದೆ ಮತ್ತು ಮುಂಗೈಗೆ, ನಿಧಾನವಾಗಿ ಹಿಂದಕ್ಕೆ ತಿರುಗಿ ನೋಡುವ ನಾಲ್ಕನೆಯದು ಕುತ್ತಿಗೆಗೆ, ಹಿಮ್ಮಡಿ ಎತ್ತಿ ಇಳಿಸುವ ಕೊನೆಯದು ಮೀನಖಂಡ ಮತ್ತು ಸಮತೋಲನಕ್ಕೆ.

ನಿಧಾನವೇ ಇಲ್ಲಿ ಮುಖ್ಯ. ವೇಗವಾಗಿ ಜಗ್ಗಿದಾಗ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಬಿಗಿಯಾಗುತ್ತದೆ. ನಿಧಾನವಾಗಿ ಹಿಗ್ಗಿಸಿದಾಗ ಆ ಪ್ರತಿಕ್ರಿಯೆ ಅಷ್ಟು ತೀವ್ರವಾಗಿರುವುದಿಲ್ಲ. ದೀರ್ಘವಾಗಿ ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತುಸು ಇಳಿಯುತ್ತದೆ. ಹಳೆಯ ನೋವಿನಲ್ಲಿ ಭಯ ಮತ್ತು ಬಿಗುವು ಒಂದನ್ನೊಂದು ಹೆಚ್ಚಿಸುವುದರಿಂದ ಈ ಇಳಿತ ಸಣ್ಣ ಲಾಭವೇನಲ್ಲ. ನಮ್ಮ ಕರಾವಳಿಗೆ ಇನ್ನೊಂದು ಅನುಕೂಲವೂ ಇದೆ: ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರಿ ತೋಯದೆ, ಜೂನ್‌ನಿಂದ ಹಿಡಿಯುವ ಮಳೆಯಲ್ಲಿ ಅಂಗಳಕ್ಕೂ ಇಳಿಯದೆ, ಜಗಲಿಯಲ್ಲಿ ಒಂದು ಚಾಪೆಯಷ್ಟು ಜಾಗ ಸಿಕ್ಕರೆ ಇದನ್ನು ಮಾಡಬಹುದು.

ಪರೀಕ್ಷೆಗೆ ಒಡ್ಡಿದಾಗ ಚಿಗಾಂಗ್ ಹೇಗೆ ನಿಂತಿತು? ಬರ್ಲಿನ್‌ನಲ್ಲಿ ಹಳೆಯ ಕುತ್ತಿಗೆ ನೋವಿನ ಮೇಲೆ ನಡೆದ ಎರಡು ಪ್ರಯೋಗಗಳು ಇಲ್ಲಿ ಉಪಯುಕ್ತ. 2009ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ 117 ಹಿರಿಯರನ್ನು ಚಿಗಾಂಗ್, ಕುತ್ತಿಗೆಯ ವ್ಯಾಯಾಮ, ಮತ್ತು ಏನೂ ಮಾಡದೆ ಕಾಯುವ ಗುಂಪು ಎಂದು ಹಂಚಿದ್ದರು. ಮೂರು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಎರಡನೆಯದರಲ್ಲಿ 123 ಜನರಿದ್ದರು; ಅಲ್ಲಿ ಏನೂ ಮಾಡದವರಿಗಿಂತ ಚಿಗಾಂಗ್ ಮಾಡಿದವರಿಗೆ ನೋವು ಕಡಿಮೆಯಾಯಿತು, ಆದರೆ ವ್ಯಾಯಾಮ ಮಾಡಿದವರಿಗಿಂತ ಹೆಚ್ಚೇನೂ ಆಗಲಿಲ್ಲ. ಚಿಗಾಂಗ್‌ಗೆ ಹತ್ತಿರದ ಬಂಧುವಾದ ತೈ ಚಿಯ ಮೇಲೆ ಅಧ್ಯಯನಗಳು ಹೆಚ್ಚು. ಬಾಸ್ಟನ್‌ನಲ್ಲಿ ಮೊಣಕಾಲಿನ ಸವೆತ ಇದ್ದ 204 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12 ವಾರಗಳ ತೈ ಚಿ ಮತ್ತು ಫಿಸಿಯೋಥೆರಪಿ ಸರಿಸುಮಾರು ಒಂದೇ ಫಲ ಕೊಟ್ಟವು. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರ ತನ್ನ ಮಾರ್ಗಸೂಚಿಯಲ್ಲಿ ಮೊಣಕಾಲು ಮತ್ತು ಸೊಂಟದ ಕೀಲಿನ ಸವೆತಕ್ಕೆ ತೈ ಚಿಯನ್ನು ಬಲವಾಗಿ ಶಿಫಾರಸು ಮಾಡಿತು. ಅದೇ ಮಾರ್ಗಸೂಚಿ ಮಸಾಜಿನ ಬಗ್ಗೆ ಅನುಕೂಲವಾಗಿ ಮಾತನಾಡಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ನೋವು ಬಾರದಂತೆ ತಡೆಯುವ ಪ್ರಶ್ನೆಗೆ ಹೆಚ್ಚು ನೇರವಾದ ಉತ್ತರ ಸಿಗುವುದು ಬೆನ್ನುನೋವಿನ ವಿಷಯದಲ್ಲಿ. 21 ಪ್ರಯೋಗಗಳನ್ನೂ 30 ಸಾವಿರಕ್ಕೂ ಹೆಚ್ಚು ಜನರನ್ನೂ ಒಳಗೊಂಡು 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ವ್ಯಾಯಾಮದ ಜೊತೆ ತಿಳಿವಳಿಕೆಯನ್ನೂ ಕೊಟ್ಟಾಗ ಬೆನ್ನುನೋವು ಬರುವ ಸಾಧ್ಯತೆ ಸುಮಾರು 45 ಶೇಕಡಾ ಇಳಿಯಿತು; ಮೆಡಿಕಲ್ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುವ ಸೊಂಟಪಟ್ಟಿಯಿಂದಾಗಲಿ ಚಪ್ಪಲಿಯ ಒಳಹಾಸಿನಿಂದಾಗಲಿ ಅಂಥ ರಕ್ಷಣೆ ಕಾಣಲಿಲ್ಲ. ಯಾವ ವ್ಯಾಯಾಮ ಎಂಬುದಕ್ಕಿಂತ ಬಿಡದೆ ಮಾಡುವಂಥ ವ್ಯಾಯಾಮ ಯಾವುದು ಎಂಬುದೇ ಹಾಗಾದರೆ ಸರಿಯಾದ ಪ್ರಶ್ನೆ. ಅರವತ್ತು ದಾಟಿದವರಿಗೆ, ಜಿಮ್ಮಿನ ಹೆಸರು ಕೇಳಿದರೆ ಹಿಂದೆ ಸರಿಯುವವರಿಗೆ, ಸೀರೆ ಉಟ್ಟುಕೊಂಡೇ ಮಾಡಬಹುದಾದ್ದು ಬೇಕೆನ್ನುವವರಿಗೆ ಚಿಗಾಂಗ್ ಹೊಂದುವುದು ಈ ಕಾರಣದಿಂದ. ಈಗಾಗಲೇ ಯೋಗ ಮಾಡುತ್ತಿರುವವರು ಅದನ್ನು ಬಿಟ್ಟು ಇದಕ್ಕೆ ಬರಬೇಕಾದ ಅಗತ್ಯವಿಲ್ಲ.

ಇನ್ನು ಅಂಗೈಯ ಮಾತು. ಮೈಗೆ ಎಣ್ಣೆ ತಿಕ್ಕುವುದನ್ನು ನಮ್ಮ ಊರಿನವರು ಚೀನಾದವರಿಂದ ಕಲಿಯಬೇಕಾಗಿಲ್ಲ. ಬಾಣಂತಿಯ ಸ್ನಾನದಲ್ಲಿ, ದೀಪಾವಳಿಯ ಎಣ್ಣೆನೀರಿನಲ್ಲಿ, ದಿನವಿಡೀ ತೋಟದಲ್ಲಿ ದುಡಿದು ಬಂದ ಸಂಜೆ ಬಚ್ಚಲುಮನೆಯ ಹಂಡೆಯ ಪಕ್ಕದಲ್ಲಿ ಅದು ಇದ್ದೇ ಇದೆ. ತಿಕ್ಕಿದಾಗ ನೋವು ಇಳಿಯುವುದೇಕೆ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ವಿವರಣೆ ಕೊಟ್ಟರು: ಸ್ಪರ್ಶದ ಸಂದೇಶ ಹೊತ್ತು ಬರುವ ದಪ್ಪ ನರತಂತುಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶ ಮೇಲಕ್ಕೆ ಹೋಗುವ ದ್ವಾರವನ್ನು ಅಷ್ಟಿಷ್ಟು ಮುಚ್ಚುತ್ತವೆ. ಆ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಯಾದವು, ತಿರುಳು ಉಳಿಯಿತು. ಸ್ನಾಯುವಿನಲ್ಲಿ ಸೇರಿಕೊಂಡ ಲ್ಯಾಕ್ಟಿಕ್ ಆಮ್ಲ ಮಸಾಜಿನಿಂದ ತೊಳೆದು ಹೋಗುತ್ತದೆ ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ದುಡಿಮೆ ನಿಂತ ಒಂದೆರಡು ಗಂಟೆಯೊಳಗೆ ದೇಹವೇ ಅದನ್ನು ವಿಲೇವಾರಿ ಮಾಡಿಕೊಂಡಿರುತ್ತದೆ, ಮರುದಿನದ ನೋವಿಗೆ ಅದು ಕಾರಣವೇ ಅಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಯುವಕರಿಗೆ ಕಠಿಣ ವ್ಯಾಯಾಮ ಮಾಡಿಸಿ, ಒಂದು ಕಾಲಿಗೆ ಮಾತ್ರ ಮಸಾಜು ಮಾಡಿ, ಸ್ನಾಯುವಿನ ಚೂರು ತೆಗೆದು ನೋಡಿದರು. 2012ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಉರಿಯೂತದ ಸಂಕೇತಗಳು ಮಸಾಜು ಆದ ಕಾಲಿನಲ್ಲಿ ಕಡಿಮೆ ಇದ್ದವು. ಲ್ಯಾಕ್ಟಿಕ್ ಆಮ್ಲದಲ್ಲಿ ವ್ಯತ್ಯಾಸವಿರಲಿಲ್ಲ.

ನಮ್ಮನ್ನು ನಾವೇ ನೀವಿಕೊಳ್ಳುವುದರ ಅನುಕೂಲವೆಂದರೆ ಒತ್ತಡ ಎಷ್ಟಾಯಿತು ಎಂಬುದು ಕೈಗೂ ಗೊತ್ತಾಗುತ್ತದೆ, ಮೈಗೂ ಗೊತ್ತಾಗುತ್ತದೆ. ಅಂಗೈಗಳನ್ನು ಉಜ್ಜಿ ಬೆಚ್ಚಗಾಗಿಸಿ, ಬಲಗೈಯ ನಾಲ್ಕು ಬೆರಳುಗಳನ್ನು ಎಡ ಹೆಗಲಿನ ಹಿಂಭಾಗದ ಉಬ್ಬಿನ ಮೇಲೆ ಕೊಕ್ಕೆಯಂತೆ ಇರಿಸಿ, ಉಸಿರು ಬಿಡುತ್ತ ಮುಂದಕ್ಕೆ ಎಳೆದು, ಹಾಗೆಯೇ ಹಿಡಿದು ತಲೆಯನ್ನು ನಿಧಾನವಾಗಿ ಬಲಕ್ಕೆ ಬಾಗಿಸಿದರೆ ಸಾಕು. ಮೆಟ್ಟುಕತ್ತಿಯ ಮೇಲೆ ಕುಳಿತು ಕಾಯಿ ತುರಿಯುವವರಿಗೆ ನೋಯುವುದು ಮೊಣಕೈಯ ಹೊರಬದಿಯಿಂದ ಸ್ವಲ್ಪ ಕೆಳಗೆ, ಮುಂಗೈಯ ಮೇಲ್ಭಾಗದಲ್ಲಿ. ಅಲ್ಲಿ ಹೆಬ್ಬೆರಳನ್ನು ಒತ್ತಿ ಹಿಡಿದು ಮುಷ್ಟಿಯನ್ನು ಮೆಲ್ಲಗೆ ಮಡಚಿ ಬಿಡಿಸುತ್ತ ಹೋಗಬೇಕು. ಸೊಂಟಕ್ಕೆ ಸಡಿಲ ಮುಷ್ಟಿಯ ಹಿಂಬದಿಯಿಂದ, ಬೆನ್ನುಮೂಳೆಯ ಮೇಲೆ ಅಲ್ಲದೆ ಅದರ ಎರಡೂ ಪಕ್ಕಗಳಲ್ಲಿ ಮೇಲೆ ಕೆಳಗೆ ಉಜ್ಜಿದರಾಯಿತು. ಹಲ್ಲು ಕಚ್ಚಿ ಸಹಿಸಬೇಕಾದಷ್ಟು ಒತ್ತುವುದರಲ್ಲಿ ಹೆಚ್ಚಿನ ಪುಣ್ಯವೇನೂ ಇಲ್ಲ. ಹೀಗೆ ಸಿಗುವ ಆರಾಮ ಬಹಳ ಹೊತ್ತು ಇರುವುದಿಲ್ಲ. ಅದು ಇರುವಾಗಲೇ ಚಲನೆಯನ್ನು ಮಾಡಿಬಿಡುವುದು ಜಾಣತನ, ಏಕೆಂದರೆ ಬಿಗಿದ ಹೆಗಲು ಒಪ್ಪದ ಕೋನಕ್ಕೆ ನೀವಿದ ಹೆಗಲು ಒಪ್ಪುತ್ತದೆ. ಬೀಡಿ ಕಟ್ಟುವವರು ಇಪ್ಪತ್ತೈದರ ಕಟ್ಟು ನಾಲ್ಕಾದಾಗ ಒಮ್ಮೆ, ಕಂಪ್ಯೂಟರಿನ ಮುಂದಿನವರು ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಹೀಗೆ ಮಾಡುವುದು ಭಾನುವಾರದ ಒಂದು ಗಂಟೆಯ ಅಭ್ಯಾಸಕ್ಕಿಂತ ಮೇಲು. ಎಣ್ಣೆ ಹಚ್ಚಿದವರು ಅದೇ ಕಾಲಿನಲ್ಲಿ ಬಚ್ಚಲಿನ ಕಲ್ಲಿನ ಮೇಲೆ ನಿಂತು ಹಿಮ್ಮಡಿ ಎತ್ತುವ ಸಾಹಸ ಮಾಡಬಾರದಷ್ಟೆ.

ದಿನನಿತ್ಯದ ನೋವಿನ ಲೆಕ್ಕಕ್ಕೆ ಸೇರದ ನೋವುಗಳೂ ಇವೆ. ಬೆಳಿಗ್ಗೆ ಎದ್ದಾಗ ಬೆರಳುಗಳ ಕೀಲು ಊದಿ ಒಂದು ಗಂಟೆಗೂ ಮಿಕ್ಕಿ ಬಿಗಿಯಾಗಿದ್ದರೆ ಅದು ಆಮವಾತದಂಥ ಕಾಯಿಲೆಯ ಸೂಚನೆಯಿರಬಹುದು, ಅದಕ್ಕೆ ಔಷಧಿ ತಡವಾದಷ್ಟೂ ಕೀಲು ಹಾಳಾಗುತ್ತದೆ. ಚಿಕೂನ್‌ಗುನ್ಯಾ ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುವ ಗಂಟುನೋವಿಗೂ ವೈದ್ಯರ ಸಲಹೆ ಬೇಕು. ಸೊಂಟ ನೋವಿನ ಜೊತೆ ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕತ್ತಿನ ಮುಂಭಾಗದ ಎರಡೂ ಬದಿಗಳಲ್ಲಿ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳಗಳು ಇರುವುದರಿಂದ ಅಲ್ಲಿ ಒತ್ತಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಎಲ್ಲಿಯೂ ಗಟ್ಟಿಯಾಗಿ ಒತ್ತಬಾರದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು ಅಪಾಯಕಾರಿ: ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು.