ಒಂದೇ ಹೆಸರಿನ ಎರಡು ಕ್ಲಸ್ಟರ್‌ಗಳು

ಕಂಟೇನರ್‌ಗಳನ್ನು, ಅಂದರೆ ಬೇಕಾದ ಸಾಮಗ್ರಿಯೊಂದಿಗೆ ಕಟ್ಟಿಟ್ಟ ಪ್ರೋಗ್ರಾಂಗಳನ್ನು, ಅನೇಕ ಯಂತ್ರಗಳಿಗೆ ಹಂಚಿ, ನಿಂತುಹೋದವುಗಳನ್ನು ಮತ್ತೆ ಆರಂಭಿಸಿ ನಡೆಸುವ ಕುಬರ್ನೆಟೀಸ್ ವ್ಯವಸ್ಥೆಯನ್ನು ಗೂಗಲ್ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದಿತು. ಇಂತಹ ಯಂತ್ರಗಳ ಸಮೂಹವೇ ಕ್ಲಸ್ಟರ್. ಪ್ರಯೋಗಕ್ಕೊಂದು, ಗ್ರಾಹಕರ ನಿತ್ಯದ ಬಳಕೆಗೊಂದು ಎಂದು ಹಲವು ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವವರ ಬಳಿ ಪ್ರವೇಶದ ಕಡತಗಳೂ ಹಲವಾಗುತ್ತವೆ. ಇವುಗಳನ್ನು ಒಂದುಗೂಡಿಸುವುದು ಸರಳ ಕೆಲಸವೆಂದು ತೋರುತ್ತದೆಯಾದರೂ, ನಿಯಮವರಿಯದೆ ಮಾಡಿದರೆ ಪ್ರಯೋಗಕ್ಕೆಂದು ಕೊಟ್ಟ ಆದೇಶವು ಗ್ರಾಹಕರ ಕ್ಲಸ್ಟರ್‌ನಲ್ಲಿ ಜಾರಿಯಾಗಬಹುದು.

ಕ್ಯೂಬ್‌ಕಾನ್ಫಿಗ್ ಎಂದು ಕರೆಯುವ ಈ ಕಡತದಲ್ಲಿ ಮುಖ್ಯವಾಗಿ ಮೂರು ಪಟ್ಟಿಗಳಿರುತ್ತವೆ. ಕ್ಲಸ್ಟರ್‌ಗಳ ಪಟ್ಟಿಯಲ್ಲಿ ಸರ್ವರ್‌ನ ವಿಳಾಸ, ಬಳಕೆದಾರರ ಪಟ್ಟಿಯಲ್ಲಿ ಪ್ರಮಾಣಪತ್ರ ಅಥವಾ ಟೋಕನ್ ಇದ್ದರೆ, ಕಾಂಟೆಕ್ಸ್ಟ್‌ಗಳ ಪಟ್ಟಿಯು ಯಾವ ಬಳಕೆದಾರ ಯಾವ ಕ್ಲಸ್ಟರ್‌ಗೆ ಎಂಬ ಜೋಡಿಯನ್ನು ಹೇಳುತ್ತದೆ. ಈ ಜೋಡಣೆ ನಡೆಯುವುದು ಹೆಸರಿನಿಂದ ಮಾತ್ರ. ಅದರಾಚೆಗೆ ಬೇರೆ ಗುರುತಿಲ್ಲ.

ಹೋಮ್ ಡೈರೆಕ್ಟರಿಯ ಡಾಟ್ ಕ್ಯೂಬ್ ಫೋಲ್ಡರ್‌ನಲ್ಲಿರುವ ಒಂದೇ ಕಡತವನ್ನು, ಕ್ಲಸ್ಟರ್‌ಗೆ ಆದೇಶ ಕೊಡುವ ಸಾಧನವಾದ ಕ್ಯೂಬ್‌ಸಿಟಿಎಲ್ ಸಾಮಾನ್ಯವಾಗಿ ಓದುತ್ತದೆ. ಕ್ಯೂಬ್‌ಕಾನ್ಫಿಗ್ ಹೆಸರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂಗಳು ಓದಿಕೊಳ್ಳಲೆಂದು ಹೆಸರಿಟ್ಟು ಇಡುವ ಮೌಲ್ಯದಲ್ಲಿ) ಹಲವು ಕಡತಗಳ ಹಾದಿಯನ್ನು, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಕೋಲನ್‌ನಿಂದ, ವಿಂಡೋಸ್‌ನಲ್ಲಿ ಸೆಮಿಕೋಲನ್‌ನಿಂದ ಬೇರ್ಪಡಿಸಿ ಕೊಟ್ಟರೆ, ಅವೆಲ್ಲವೂ ಸ್ಮರಣೆಯಲ್ಲಿ ಒಂದಾಗುತ್ತವೆ. ಒಂದೇ ಹೆಸರು ಎರಡು ಕಡತಗಳಲ್ಲಿದ್ದರೆ ಪಟ್ಟಿಯಲ್ಲಿ ಮೊದಲು ಬಂದದ್ದೇ ಉಳಿಯುತ್ತದೆ. ಎರಡನೆಯದು ಬಿದ್ದುಹೋಗುವಾಗ ಯಾವ ಎಚ್ಚರಿಕೆಯೂ ಮೂಡುವುದಿಲ್ಲ.

ಇಂತಹ ಘರ್ಷಣೆ ಅಪರೂಪದ್ದಲ್ಲ. ಕ್ಯೂಬ್‌ಅಡ್ಮಿನ್ ಸಾಧನದಿಂದ ಕಟ್ಟಿದ ಕ್ಲಸ್ಟರ್‌ಗೆ ಬೇರೆ ಹೆಸರು ಕೊಡದಿದ್ದರೆ ಅದು 'ಕುಬರ್ನೆಟೀಸ್' ಎಂದೇ ದಾಖಲಾಗುತ್ತದೆ, ಅದರ ಬಳಕೆದಾರ 'ಕುಬರ್ನೆಟೀಸ್-ಅಡ್ಮಿನ್' ಆಗುತ್ತಾನೆ. ಕುಬರ್ನೆಟೀಸ್‌ನ ಹಗುರ ರೂಪವಾದ ಕೆ3ಎಸ್‌ನಲ್ಲಂತೂ ಕ್ಲಸ್ಟರ್, ಬಳಕೆದಾರ, ಕಾಂಟೆಕ್ಸ್ಟ್ ಮೂರಕ್ಕೂ 'ಡೀಫಾಲ್ಟ್' ಎಂಬ ಒಂದೇ ಹೆಸರು. ಇಂತಹ ಎರಡು ಕಡತಗಳನ್ನು ಕೂಡಿಸಿದಾಗ ಒಂದು ಕಾಂಟೆಕ್ಸ್ಟ್ ಮಾತ್ರ ಕಾಣುತ್ತದೆ. ಆಗ ಅನೇಕರು ಎರಡನೆಯ ಕಡತದ ಕಾಂಟೆಕ್ಸ್ಟ್‌ಗೆ 'ಪ್ರಯೋಗ' ಎಂಬಂತಹ ಹೊಸ ಹೆಸರಿಟ್ಟು ಮತ್ತೆ ಕೂಡಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿಯಾದ ಹಂತ ಇದೇ. ರೀನೇಮ್-ಕಾಂಟೆಕ್ಸ್ಟ್ ಆದೇಶವು ಕಾಂಟೆಕ್ಸ್ಟ್‌ನ ಹೆಸರನ್ನಷ್ಟೇ ಬದಲಿಸುತ್ತದೆ, ಅದು ಸೂಚಿಸುವ ಕ್ಲಸ್ಟರ್‌ನ ಹೆಸರು ಹಾಗೆಯೇ ಉಳಿಯುತ್ತದೆ. ಆ ಹೆಸರಿನ ವಿಳಾಸ ಮೊದಲ ಕಡತದಿಂದ ಬರುವುದರಿಂದ, ಆ ಮೊದಲ ಕಡತ ಗ್ರಾಹಕರ ಕ್ಲಸ್ಟರ್‌ನದಾಗಿದ್ದರೆ 'ಪ್ರಯೋಗ' ಎಂಬ ಕಾಂಟೆಕ್ಸ್ಟ್ ಗ್ರಾಹಕರ ಕ್ಲಸ್ಟರ್‌ಗೇ ಒಯ್ಯುತ್ತದೆ, ಜೊತೆಗೆ ಮೊದಲ ಕಡತದ ಆಡಳಿತಾಧಿಕಾರವನ್ನೂ ಕೊಡುತ್ತದೆ. ಆದ್ದರಿಂದ ಕೂಡಿಸುವ ಮೊದಲೇ ಕ್ಲಸ್ಟರ್, ಬಳಕೆದಾರ, ಕಾಂಟೆಕ್ಸ್ಟ್ ಮೂರರ ಹೆಸರನ್ನೂ, ಕಾಂಟೆಕ್ಸ್ಟ್‌ನ ಒಳಗೆ ಬರುವ ಉಲ್ಲೇಖಗಳನ್ನೂ ಬದಲಿಸಲೇಬೇಕು.

ಕೂಡಿಸಿದ್ದನ್ನು ಶಾಶ್ವತ ಕಡತವಾಗಿಸಲು 'ಕಾನ್ಫಿಗ್ ವ್ಯೂ' ಆದೇಶಕ್ಕೆ 'ಫ್ಲ್ಯಾಟನ್' ಆಯ್ಕೆಯನ್ನು ಸೇರಿಸಬೇಕು. ಅದು ಬೇರೆಡೆ ಇರುವ ಪ್ರಮಾಣಪತ್ರಗಳನ್ನೂ ಒಳಗೆ ತರುತ್ತದೆ. ಫಲಿತಾಂಶವನ್ನು ಮೂಲ ಕಡತಕ್ಕೇ ನೇರವಾಗಿ ಬರೆಯಬಾರದು, ಏಕೆಂದರೆ ಕ್ಯೂಬ್‌ಸಿಟಿಎಲ್ ಓದುವ ಮೊದಲೇ, ಆದೇಶಗಳನ್ನು ಓಡಿಸುವ ಶೆಲ್ ಪ್ರೋಗ್ರಾಂ ಆ ಕಡತವನ್ನು ಖಾಲಿ ಮಾಡಿಬಿಡುತ್ತದೆ. ಹೊಸ ಕಡತಕ್ಕೆ ಬರೆದು, ಪರಿಶೀಲಿಸಿ, ಮಾಲೀಕರಷ್ಟೇ ಓದುವಂತೆ ಅನುಮತಿಯನ್ನು 600ಕ್ಕೆ ಇಳಿಸಿ, ಬಳಿಕ ಹಳೆಯದರ ಜಾಗದಲ್ಲಿಡಬೇಕು. ಪ್ರವೇಶಕ್ಕಾಗಿ ಬೇರೊಂದು ಪ್ರೋಗ್ರಾಂ ಓಡಿಸುವಂತೆ ಕ್ಯೂಬ್‌ಕಾನ್ಫಿಗ್‌ನಲ್ಲಿ ಬರೆದಿಡಲು ಸಾಧ್ಯವಿರುವುದರಿಂದ, ಅಪರಿಚಿತರಿಂದ ಬಂದ ಕಡತವನ್ನು ಪೂರ್ತಿ ಓದದೆ ಸೇರಿಸಲೇಬಾರದು.

ಗ್ರಾಹಕರ ಕ್ಲಸ್ಟರ್‌ನ ಕಡತವನ್ನು ಈ ಕೂಟದಿಂದ ಹೊರಗಿಡುವುದೇ ಲೇಸೆಂದು ನಾನು ನಂಬುತ್ತೇನೆ. ಬೇಕಾದಾಗ ಕ್ಯೂಬ್‌ಕಾನ್ಫಿಗ್ ಫ್ಲ್ಯಾಗ್‌ನೊಂದಿಗೆ ಅದರ ಹಾದಿಯನ್ನು ಕೊಟ್ಟರೆ ಆ ಕಡತವೊಂದನ್ನೇ ಓದಲಾಗುತ್ತದೆ, ಯಾವ ಕೂಡಿಕೆಯೂ ನಡೆಯುವುದಿಲ್ಲ.