ಪದ ಪರಿಚಯ: ನೆರೆಹೊರೆ ಸಭೆ

ಪಕ್ಕದ ಖಾಲಿ ಜಾಗದಲ್ಲಿ ದೊಡ್ಡ ಕಟ್ಟಡ ಬರುತ್ತಿದೆ, ಇಲ್ಲವೇ ಮನೆ ಮುಂದಿನ ರಸ್ತೆ ಅಗೆದು ಪೈಪ್ ಹಾಕುತ್ತಾರೆ ಅಂದುಕೊಳ್ಳಿ. ಕೆಲಸ ಮಾಡಿಸುವವರು ಮತ್ತು ಅಕ್ಕಪಕ್ಕದ ನಿವಾಸಿಗಳು, ಸಾಧ್ಯವಾದರೆ ಅನುಮತಿ ಕೊಡುವ ಅಧಿಕಾರಿಗಳೂ, ಒಂದು ಕಡೆ ಕೂತು ಮಾತಾಡುತ್ತಾರೆ. ಈ ಕೆಲಸದಿಂದ ಯಾರಿಗೆ ಏನು ತೊಂದರೆ, ಯಾವ ಅಪಾಯ, ಅದನ್ನು ತಡೆಯುವುದು ಹೇಗೆ ಅನ್ನುವುದೇ ಮಾತಿನ ವಿಷಯ. ಇದೇ ನೆರೆಹೊರೆ ಸಭೆ.

ಸಾರ್ವಜನಿಕ ಅಹವಾಲು ಸಭೆ ಬೇರೆ. ಅದು ಸಾಮಾನ್ಯವಾಗಿ ಅನುಮತಿ ಕೊಡುವ ಪ್ರಕ್ರಿಯೆಯ ಭಾಗ. ಅಲ್ಲಿ ಜನ ಹೇಳಿದ್ದು ದಾಖಲೆಗೆ ಹೋಗುತ್ತದೆ. ನೆರೆಹೊರೆ ಸಭೆಗೆ ಅಷ್ಟು ಕಟ್ಟುಪಾಡಿಲ್ಲ. ಅದರಿಂದ ಒಂದು ಅನುಕೂಲ ಇದೆ: ಮೈಕ್ ಹಿಡಿಯಲು ಹಿಂಜರಿಯುವವರೂ ಇಲ್ಲಿ ಮಾತಾಡುತ್ತಾರೆ. ಆದರೆ ಇಲ್ಲಿ ಕೊಟ್ಟ ಮಾತನ್ನು ಯಾರಾದರೂ ಬರೆದಿಡದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ.

ಸಭೆ ಯಾವಾಗ ನಡೆಯುತ್ತದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ನಕ್ಷೆ ಮುಗಿದು, ಗುತ್ತಿಗೆ ಕೊಟ್ಟು, ಯಂತ್ರ ಬಂದು ನಿಂತ ಮೇಲೆ ಕರೆದರೆ ಅದು ಬರೀ ತಿಳಿಸುವ ಸಭೆ. ಅಮೆರಿಕದ ನೀತಿ ತಜ್ಞೆ ಶೆರ್ರಿ ಅರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಸುಮ್ನೆ ಮಾಹಿತಿ ಕೊಡುವುದು ಅದರಲ್ಲಿ ಕೆಳಗಿನಿಂದ ಮೂರನೆಯದು. ಅಭಿಪ್ರಾಯ ಕೇಳುವುದು ನಾಲ್ಕನೆಯದು. ತೀರ್ಮಾನದಲ್ಲಿ ಜನರಿಗೆ ನಿಜವಾದ ಪಾಲು ಸಿಗುವುದು ಇನ್ನೂ ಮೇಲೆ. ಯುರೋಪಿನ ಹಲವು ದೇಶಗಳು ಸೇರಿ ಮಾಡಿಕೊಂಡ 1998ರ ಆರ್ಹಸ್ ಒಪ್ಪಂದವೂ ಪರಿಸರಕ್ಕೆ ಸಂಬಂಧಿಸಿದ ಯೋಜನೆಗಳಲ್ಲಿ ಇದನ್ನೇ ಕೇಳುತ್ತದೆ: ಎಲ್ಲ ಆಯ್ಕೆಗಳೂ ತೆರೆದಿರುವಾಗಲೇ ಜನರನ್ನು ಸೇರಿಸಿಕೊಳ್ಳಿ. ಲಾರಿ ಬರುವ ಗೇಟನ್ನು ನಕ್ಷೆಯಲ್ಲಿ ಆಚೆ ಬದಿಗೆ ಸರಿಸುವುದು ಸುಲಭ. ಗೇಟು ಕಟ್ಟಿದ ಮೇಲೆ ಯಾರೂ ಸರಿಸುವುದಿಲ್ಲ.

ಇಂಥ ಸಭೆಗಳಲ್ಲಿ ಜಾಸ್ತಿ ಜಗಳ ಆಗುವುದು ಶಬ್ದ ಮತ್ತು ದೂಳಿನ ಬಗ್ಗೆ. ಕೆಲಸದ ಸಮಯ ಗೊತ್ತುಮಾಡುವುದು, ನೀರು ಚಿಮುಕಿಸುವುದು, ಮಣ್ಣಿನ ಲಾರಿಗೆ ಟಾರ್ಪಾಲ್ ಮುಚ್ಚುವುದು, ಇವುಗಳಿಂದ ತಕ್ಕಮಟ್ಟಿಗೆ ಪರಿಹಾರ ಸಿಗುತ್ತದೆ. ಆದರೆ ಕಾಂಕ್ರೀಟ್ ಕತ್ತರಿಸುವಾಗ ಏಳುವ ದೂಳಿನಲ್ಲಿ ಸಿಲಿಕಾ ಅನ್ನುವ ಖನಿಜ ಇರುತ್ತದೆ, ಅದು ಶ್ವಾಸಕೋಶಕ್ಕೆ ನಿಜಕ್ಕೂ ಅಪಾಯಕಾರಿ. ಆದ್ದರಿಂದ ನೀರು ಹಾಕಿಕೊಂಡೇ ಕತ್ತರಿಸಬೇಕು ಅಂತ ಕೇಳುವುದು ಅತಿಯಾದ ಬೇಡಿಕೆ ಅಲ್ಲ.

ನಡುಕದ ವಿಷಯ ಬೇರೆ. ಇಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ತಪ್ಪು ತಿಳಿಯುತ್ತಾರೆ. ನೆಲಕ್ಕೆ ಪೈಲ್ (ತಳಪಾಯದ ಉದ್ದ ಕಂಬ) ಹೊಡೆಯುವಾಗ ಕಿಟಕಿ ಗಡಗಡ ಅನ್ನುತ್ತದೆ, ಮನೆಯವರಿಗೆ ಗೋಡೆಯೇ ಬೀಳುತ್ತದೇನೋ ಅನ್ನಿಸುತ್ತದೆ. ಎಂಜಿನಿಯರ್ 'ಏನೂ ಆಗಲ್ಲ' ಅನ್ನುತ್ತಾರೆ. ಅಳತೆಯ ಪ್ರಕಾರ ಅವರ ಮಾತು ಬಹಳ ಸಲ ಸರಿಯೇ. ನಡುಕವನ್ನು ಸೆಕೆಂಡಿಗೆ ಎಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿಯಂತೆ ಮನೆಯಲ್ಲಿರುವವರಿಗೆ 0.3 ಮಿ.ಮೀ.ಗೇ ಅದು ಗೊತ್ತಾಗಬಹುದು. ಮಾಮೂಲಿ ಮನೆಯ ಗಾರೆಯಲ್ಲಿ ಸಣ್ಣ ಬಿರುಕಿಗೆ ಅಲ್ಲಿ ಇಟ್ಟಿರುವ ಮಿತಿ 15 ಮಿ.ಮೀ.ಯಿಂದ ಶುರು. ಜರ್ಮನಿಯ ಮಾನದಂಡ ಇನ್ನೂ ಬಿಗಿ, ಅಲ್ಲಿ 5 ಮಿ.ಮೀ. ಹಾಗಿದ್ದರೂ ಮೈಗೆ ತಿಳಿಯುವ ನಡುಕಕ್ಕೂ ಗೋಡೆಗೆ ಪೆಟ್ಟಾಗುವ ನಡುಕಕ್ಕೂ ಬಹಳ ಅಂತರ ಇದೆ.

ಅದೇ ಬ್ರಿಟಿಷ್ ಮಾರ್ಗಸೂಚಿ ಇನ್ನೊಂದು ಮಾತು ಹೇಳುತ್ತದೆ. ನಡುಕ 1 ಮಿ.ಮೀ. ಮುಟ್ಟಿದರೆ ಮನೆಗಳಿಂದ ದೂರು ಬರುವ ಸಾಧ್ಯತೆ ಇದೆ. ಆದರೆ ಮೊದಲೇ ತಿಳಿಸಿ, ಯಾಕೆ ಅಂತ ವಿವರಿಸಿದ್ದರೆ ಜನ ಅದನ್ನು ಸಹಿಸಿಕೊಳ್ಳಬಲ್ಲರು. ಯಂತ್ರ ಅದೇ, ನಡುಕವೂ ಅಷ್ಟೇ. ಸಭೆ ಕರೆಯುವುದು ಔಪಚಾರಿಕತೆ ಅಂತ ಅಂದುಕೊಂಡಿರುವ ಗುತ್ತಿಗೆದಾರರು ಇದನ್ನು ಗಮನಿಸಬೇಕು.

ಬಿರುಕು ಬಿಟ್ಟರೆ ಅದು ಹಳೆಯದೋ ಹೊಸದೋ ಅನ್ನುವ ಜಗಳ ಬರುತ್ತದೆ. ಅದಕ್ಕೇ ಕೆಲಸ ಶುರುವಾಗುವ ಮುಂಚೆ ಸುತ್ತಲಿನ ಮನೆಗಳ ಸ್ಥಿತಿ ದಾಖಲಿಸಬೇಕು ಅಂತ ಸಭೆಯಲ್ಲಿ ಕೇಳಿ. ಪ್ರತಿ ಕೋಣೆಯ ಗೋಡೆ, ಮೂಲೆ, ಬಾಗಿಲ ಚೌಕಟ್ಟಿನ ಫೋಟೋ ತೆಗೆಯಬೇಕು. ಈಗಾಗಲೇ ಬಿರುಕಿದ್ದರೆ ಪಕ್ಕದಲ್ಲಿ ಸ್ಕೇಲ್ ಹಿಡಿದು, ತಾರೀಖು ಬರೆದು ತೆಗೆಯಬೇಕು. ಇವುಗಳ ಒಂದು ಪ್ರತಿ ಮನೆಯವರ ಹತ್ತಿರವೂ ಇರಲಿ. ಇದರಿಂದ ಇಬ್ಬರಿಗೂ ನ್ಯಾಯ ಸಿಗುತ್ತದೆ, ಅಲ್ವಾ?

ಸುರಕ್ಷತೆಯ ಮಾತು ಬಂದಾಗ ಜನ ಶಬ್ದದಷ್ಟು ಗಟ್ಟಿಯಾಗಿ ಕೇಳದ ಪ್ರಶ್ನೆ ಒಂದಿದೆ: ಗುಂಡಿ ಎಷ್ಟು ಆಳ? ಪಕ್ಕದ ಮನೆಯ ತಳಪಾಯಕ್ಕಿಂತ ಕೆಳಗೆ ಅಗೆದರೆ ಆ ಮನೆಗೆ ಆಸರೆಯಾಗಿದ್ದ ಮಣ್ಣು ಸಡಿಲವಾಗುತ್ತದೆ. ಗುಂಡಿಯ ನೀರನ್ನು ದಿನಗಟ್ಟಲೆ ಪಂಪ್ ಮಾಡಿದರೆ ಅಂತರ್ಜಲ ಇಳಿದು ಸುತ್ತಲಿನ ನೆಲವೂ ಕುಸಿಯಬಹುದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಜಾಸ್ತಿ ತೂಗುತ್ತದೆ. ಜಾರಿದರೆ ಒಳಗಿರುವ ಕಾರ್ಮಿಕರಿಗೆ ಓಡಲು ಸಮಯ ಇರುವುದಿಲ್ಲ. ಆಸರೆ ಗೋಡೆ ಯಾವಾಗ ಕಟ್ಟುತ್ತೀರಿ, ಅಗೆದ ಮೇಲೋ ಅಗೆಯುತ್ತಾ ಹೋದಂತೆಯೋ ಅಂತ ಕೇಳಿ. ಕೇಳಲು ಎಂಜಿನಿಯರ್ ಆಗಿರಬೇಕಿಲ್ಲ.

ಲಾರಿಗಳದೂ ಹೀಗೇ. ದೊಡ್ಡ ಲಾರಿಯ ಮೂತಿಯ ಕೆಳಗೆ, ಪಕ್ಕದಲ್ಲಿ, ಹಿಂದೆ ಚಾಲಕರಿಗೆ ಕಾಣದ ಜಾಗ ಇರುತ್ತದೆ. ಮಗು ಅಲ್ಲಿ ನಿಂತಿದ್ದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಲಾರಿ ಬಿಡಬಾರದು, ರಿವರ್ಸ್ ತೆಗೆಯುವಾಗ ಒಬ್ಬರು ನಿಂತು ಸನ್ನೆ ಮಾಡಬೇಕು. ಫುಟ್‌ಪಾತ್ ಮುಚ್ಚಿದರೆ ಗಾಲಿಕುರ್ಚಿಯವರು, ಕಣ್ಣು ಕಾಣದವರು ಎಲ್ಲಿ ನಡೆಯಬೇಕು ಅನ್ನುವುದೂ ಅಲ್ಲೇ ತೀರ್ಮಾನ ಆಗಲಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನಕ್ಕೆ ದಾರಿ ಯಾವತ್ತೂ ತೆರೆದಿರಬೇಕು.

ಸಭೆ ಮುಗಿಸುವ ಮುಂಚೆ ನಡಾವಳಿ ಬರೆಯುವವರು ಯಾರು ಅಂತ ಗೊತ್ತುಮಾಡಿಕೊಳ್ಳಿ. ಒಪ್ಪಿದ ಪ್ರತಿ ಮಾತಿನ ಎದುರು ಯಾರು ಮಾಡುತ್ತಾರೆ, ಯಾವಾಗ ಅಂತ ಇರಲಿ. ರಾತ್ರಿಯೂ ಎತ್ತುವ ಒಂದು ಫೋನ್ ನಂಬರ್ ಪಡೆಯಿರಿ. ಅಗೆತದ ಕೆಲಸ ಶುರುವಾಗುವುದಕ್ಕೆ ಮುಂಚೆಯೇ ಬರುವಂತೆ ಮುಂದಿನ ಸಭೆಯ ತಾರೀಖು ಅಲ್ಲೇ ನಿಗದಿಯಾಗಲಿ.