ತೆರೆಯ ಮೇಲೆ ಕನ್ನಡ, ಕಿವಿಗೆ ಪೌಂಡ್ ಚಿಹ್ನೆ

ಶಿವಮೊಗ್ಗದ ಅಡಿಕೆ ಧಾರಣೆ ದಿನಾ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳು, ಎದುರಿಗೆ ರೇಟು. ಬಹಳ ಸಲ ಅದು ಫೋಟೊ. ಕಣ್ಣು ಕಾಣದ ಬೆಳೆಗಾರರು ಅದರ ಮೇಲೆ ಬೆರಳಿಟ್ಟರೆ ಫೋನು "ಫೋಟೊ" ಅಂತ ಹೇಳಿ ಸುಮ್ಮನಾಗುತ್ತದೆ. ತಮ್ಮದೇ ತೋಟದ ಅಡಿಕೆಯ ರೇಟು ತಿಳಿಯೋಕೆ ಪಕ್ಕದ ಮನೆಯವರನ್ನು ಕರೆಯಬೇಕು.

ಕಣ್ಣಿಲ್ಲದವರಿಗೆ ದೇವರು ಕಿವಿ ಚುರುಕು ಮಾಡಿರ್ತಾನೆ, ಹೇಗೋ ನಿಭಾಯಿಸ್ತಾರೆ ಅಂತ ನಮ್ಮ ಕಡೆ ಒಂದು ಮಾತಿದೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಪಟಪಟ ಓದಿದ್ದನ್ನು ಹಿಡಿಯುವುದು ಅಭ್ಯಾಸದಿಂದ ಬಂದ ವಿದ್ಯೆ, ವರ ಅಲ್ಲ. ಫೋಟೊದೊಳಗಿನ ಅಂಕಿ ಯಾವ ಚುರುಕು ಕಿವಿಗೂ ಕೇಳಿಸುವುದಿಲ್ಲ.

ಹಾಗಾದರೆ ಟೈಪ್ ಮಾಡಿ ಕಳಿಸಿದರೆ ಆಯ್ತಲ್ವಾ? ಹಳೆ ಫಾಂಟಿನಲ್ಲಾದರೆ ಆಗಲಿಲ್ಲ. ನನಗೆ ಅತ್ಯಂತ ಇಷ್ಟದ ವಿಷಯ ಇರುವುದೇ ಇಲ್ಲಿ. ಸ್ಕ್ರೀನ್ ರೀಡರ್ ಅಕ್ಷರದ ಆಕಾರ ನೋಡುವುದಿಲ್ಲ. ಆ ಅಕ್ಷರಕ್ಕೆ ಕಂಪ್ಯೂಟರ್ ಕೊಟ್ಟಿರುವ ಸಂಖ್ಯೆಯನ್ನು ಓದುತ್ತದೆ. ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಒಳಗೆ ಉಳಿಯುವುದು ಇದು: ಪಿ, ತಲೆಮೇಲೆ ಗೆರೆ ಇರುವ ಎ, ಪೌಂಡ್ ಚಿಹ್ನೆ, ಮತ್ತದೇ ಎ, ಜರ್ಮನ್ ಭಾಷೆಯ ಒಂದಕ್ಷರ, ಕ್ಯೂ, ಇನ್ನೊಮ್ಮೆ ಎ. ಪರಭಾಷೆಯ ಅಕ್ಷರ, ಚಿಹ್ನೆಗಳಿಗೆ ಕನ್ನಡದ ವೇಷ ಕಟ್ಟಿ ರಂಗಕ್ಕೆ ಕಳಿಸಿದ ಹಾಗೆ. ವೇಷ ಕಾಣುವುದು ಕಣ್ಣಿಗೆ ಮಾತ್ರ, ಕಿವಿಗೆ ಬೀಳುವುದು ಬರೀ ಗೋಜಲು. (ಈಗಿನ ನುಡಿಯಲ್ಲಿ ಯೂನಿಕೋಡ್ ಇದೆ, ಅಂದರೆ ಒಂದೊಂದು ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಡುವ ಪದ್ಧತಿ. ಆದರೂ ಹಳೆ ಫಾಂಟ್ ಬಿಡದವರು ತುಂಬಾ ಜನ.)

1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅದರಲ್ಲಿ 'ಕನ್ನಡ' ಅಂದರೆ ಐದೇ ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ನ, ಡ. ಬಾಯಲ್ಲಿ ಹೇಗೆ ಬರುತ್ತದೋ ಅದೇ ಕ್ರಮ. ತೀರ್ಥಹಳ್ಳಿ ನೋಡಿ. ಅರ್ಕಾವತ್ತು ಕಣ್ಣಿಗೆ ಕಾಣುವುದು 'ಥ' ಆದಮೇಲೆ, ನಾಲಿಗೆಯಲ್ಲಿ ಹೊರಳುವುದು 'ಥ'ಕ್ಕಿಂತ ಮೊದಲು. ಹಳೆ ಫಾಂಟ್ ಕಣ್ಣಿನ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ನಾಲಿಗೆಯ ಕ್ರಮದಲ್ಲಿ.

ಸ್ವಾರಸ್ಯ ಏನಂದರೆ ಕಣ್ಣಿಲ್ಲದವರ ಲಿಪಿಯಲ್ಲಿ ಇದು ಎಷ್ಟೋ ಮೊದಲೇ ಬಗೆಹರಿದಿತ್ತು. 1951ರಲ್ಲಿ ಭಾರತದ ಭಾಷೆಗಳಿಗೆ ಹೆಚ್ಚುಕಡಿಮೆ ಒಂದೇ ಆದ ಭಾರತಿ ಬ್ರೈಲ್ ಬಂತು. ಅದರಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಗುಡಿಸು ಮೇಲೆ ಹತ್ತುವುದಿಲ್ಲ. ಆರು ಚುಕ್ಕಿಯ ಮನೆಗಳು ಒಂದರ ಪಕ್ಕ ಒಂದು, ಉಚ್ಚಾರದ ಸಾಲಿನಲ್ಲೇ. ನಾವು ಕಣ್ಣಿದ್ದವರು ಕಂಪ್ಯೂಟರ್ ಬಂದಮೇಲೂ ಆಕಾರದ ಹಿಂದೆ ಬಿದ್ದೆವು.

ಓದಿಸುವ ತಂತ್ರಾಂಶಕ್ಕೆ ಬರವಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ತೇ, ಇಬ್ಬರೂ ದೃಷ್ಟಿ ಇಲ್ಲದವರು. ಕರ್ರನ್ 2006ರಲ್ಲಿ ಶುರು ಮಾಡಿ, ಇಬ್ಬರೂ ಸೇರಿ ಬೆಳೆಸಿದ ಎನ್‌ವಿಡಿಎ ಇವತ್ತಿಗೂ ಉಚಿತ. ಅದರ ಜೊತೆಗೇ ಬರುವ, ದನಿ ಕೊಡುವ ಇಸ್ಪೀಕ್ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ದನಿ ಯಂತ್ರದ್ದೇ, ಆದರೆ ಇಂಟರ್ನೆಟ್ ಇಲ್ಲದೆಯೂ ಓದುತ್ತದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿ ಕೂರುವ ನಮ್ಮ ಊರುಗಳಿಗೆ ಅದು ಸಣ್ಣ ವಿಷಯ ಅಲ್ಲ.

ಹಳೆ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ನೋಡಿಬಿಡಿ. ಧಾರಣೆಗೆ ಅಷ್ಟೂ ಬೇಡ. ಒಂದು ಸಾಲಿಗೆ ಒಂದು ಬಗೆ, ಹೆಸರು ಮೊದಲು, ಆಮೇಲೆ 'ಕನಿಷ್ಠ' ಇಷ್ಟು, 'ಗರಿಷ್ಠ' ಇಷ್ಟು ಅಂತ ಮೊಬೈಲಿನ ಕನ್ನಡ ಕೀಬೋರ್ಡಿನಲ್ಲೇ ಟೈಪ್ ಮಾಡಿ ಕಳಿಸಿ, ಅದು ಯೂನಿಕೋಡೇ. ಆ ಎರಡು ಪದ ಬಿಡಬೇಡಿ. ಸ್ಪೇಸ್ ಒತ್ತಿ ಅಂಕಿಗಳನ್ನು ಕಂಬಸಾಲಾಗಿ ಜೋಡಿಸಿದರೆ, ಕೇಳುವವರಿಗೆ ಯಾವುದು ಯಾವ ರೇಟು ಅಂತ ತಿಳಿಯುವುದಿಲ್ಲ.